ಕಾಣೆಯಾದ ಎತ್ವ

ಕಾಣೆಯಾಗಿದ್ದದ್ದು ಒಂದು ಎತ್ವ. ಅಷ್ಟೇ.

ಕರಡಿ, ಊರಿನ ತಿಂಡಿ ತಾಣಗಳ ಪುಸ್ತಿಕೆಯ ಒಂಬತ್ತನೇ ಪುಟವನ್ನು ಪ್ರೆಸ್ಸಿನ ಕಿಟಕಿಗೆ ಎತ್ತಿ ಹಿಡಿದು ಒಂದು ಕಣ್ಣು ಮುಚ್ಚಿದ. ಮಧ್ಯಾಹ್ನದ ಬಿಸಿಲು ಕಾಗದದ ಹಿಂದಿನಿಂದ ಬಂತು. ‘ಕಡಲ ಬಾಗಿಲಿಗೆ ಬನ್ನಿ’ ಎಂಬ ಸಾಲಿನಲ್ಲಿ, ‘ಲ’ ಅಕ್ಷರದ ನೆತ್ತಿಯ ಮೇಲೆ, ಸಾಸಿವೆ ಕಾಳಿನಷ್ಟು ಜಾಗದಲ್ಲಿ ಮಾತ್ರ ಬೆಳಕು ಹೆಚ್ಚಾಗಿ ತೂರಿತು.

“ಇದು ಅಚ್ಚಿನ ತಪ್ಪಲ್ಲ ಕಣೋ. ಕೆರೆದಿದ್ದಾರೆ. ಬ್ಲೇಡಲ್ಲಿ.”

ಮೇಜಿನ ಆಚೆ ಕೂತಿದ್ದ ಭಾಮೈದ ಕನ್ನಡಕವನ್ನು ಹಣೆಗೇರಿಸಿದ. ತೀರಿಹೋದ ಹೆಂಡತಿಯ ತಮ್ಮ; ಈ ಪ್ರೆಸ್ಸಿನ ಯಜಮಾನ. “ಎಲ್ಲಿ? ನಂಗೇನೂ ಕಾಣ್ತಿಲ್ವಲ್ಲ ಭಾವ.”

“ಕಣ್ಣಲ್ಲಿ ನೋಡ್ಬೇಡ. ಬೆರಳಿಟ್ಟು ನೋಡು.”

ಭಾಮೈದ ಬೆರಳಿಟ್ಟ. ಕಾಗದ ಅಲ್ಲಿ ತೆಳ್ಳಗಾಗಿತ್ತು. ‘ಲೆ’ಯ ತಲೆಯ ಮೇಲಿದ್ದ ಎತ್ವವನ್ನು ಯಾರೋ ಉಸಿರು ಬಿಗಿಹಿಡಿದು ಕೆರೆದು ತೆಗೆದು, ಅಕ್ಷರದ ಬಲತುದಿಯನ್ನು ಮಸಿಯಿಂದ ಒಳಕ್ಕೆ ಸುರುಳಿ ಸುತ್ತಿದ್ದರು. ಸುರುಳಿಯ ಕೊನೆಗೆ ಒಂದು ಚಿಕ್ಕ ಚುಕ್ಕೆ ನಿಂತಿತ್ತು. ಕಡಲೆ ಬಾಗಿಲು ಹೋಗಿ ಕಡಲ ಬಾಗಿಲು ಆಗಿತ್ತು.

ಎಂಟು ದಿನದ ಹಿಂದೆ, ಇದೇ ಪ್ರತಿ ಕೈಯಲ್ಲಿ ಹಿಡಿದು ಊರೆಲ್ಲ ಒಬ್ಬಳೇ ತಿನ್ನುತ್ತ ನಡೆದ ಪರವೂರಿನ ಟೀಚರೊಬ್ಬಳು, ದೇವಸ್ಥಾನದ ಹಿಂದೆ ಕಡಲ ಬಾಗಿಲಿನ ಮೂರನೇ ಮೆಟ್ಟಿಲಿನಿಂದ ಉರುಳಿ ಸತ್ತಿದ್ದಳು.

ಎರಡು ಬಾಗಿಲೂ ಈ ಊರಿನವೇ. ಕಡಲೆ ಬಾಗಿಲು ಎಂದರೆ ದೇವಸ್ಥಾನದ ಬೀದಿಯ ತಿರುವಿನಲ್ಲಿ, ರಸ್ತೆಗಿಂತ ಮೂರು ಮೆಟ್ಟಿಲು ಕೆಳಗಿರುವ ಹುರಿಯುವ ಅಂಗಡಿ. ಅರ್ಧ ಬಾಗಿಲಿನಿಂದ ಬಿಸಿ ಪೊಟ್ಟಣ ಕೈಗೆ ಬರುತ್ತದೆ. ಕಡಲ ಬಾಗಿಲು ಎಂದರೆ ಹಳೆಯ ಕಾಲದಲ್ಲಿ ದೋಣಿಗಳು ಬಂದು ನಿಲ್ಲುತ್ತಿದ್ದ ಕಲ್ಲಿನ ಕಮಾನು. ಅಲ್ಲಿ ತಿನ್ನಲು ಗಾಳಿಯ ಹೊರತು ಏನೂ ಸಿಗುವುದಿಲ್ಲ.

ಇನ್ಸ್‌ಪೆಕ್ಟರು ಬೆಳಿಗ್ಗೆ ಪುಸ್ತಿಕೆಯನ್ನು ಕರಡಿಯ ಕೈಗಿಟ್ಟು ನೇರವಾಗಿ ಹೇಳಿದ್ದರು: “ಪುಸ್ತಕದಲ್ಲಿ ತಪ್ಪಿತ್ತು, ಆಯಮ್ಮ ನಂಬಿ ಹೋದ್ಲು, ಸತ್ಲು. ತಿದ್ದಿದವರು ನೀವು, ನೀವೇ ನೋಡ್ಕೊಳ್ಳಿ. ಸಂಜೆ ಆರಕ್ಕೆ ವಾಪಸ್ ತಂದ್ಕೊಡಿ, ಆಕಸ್ಮಿಕ ಸಾವು ಅಂತ ಬರೆದು ಮುಗಿಸ್ತೀನಿ.”

ಅಂದಹಾಗೆ, ಅವನು ಕರಡಿಯಷ್ಟು ದಪ್ಪವೂ ಇಲ್ಲ, ಮೈಮೇಲೆ ಅಷ್ಟು ಕೂದಲೂ ಇಲ್ಲ. ನಲವತ್ತು ವರ್ಷ ಕರಡು ತಿದ್ದಿದವನಿಗೆ ಪ್ರೆಸ್ಸಿನವರು ಇಟ್ಟ ಹೆಸರು ಅದು. ಪತ್ತೇದಾರಿಕೆ ಅವನ ಕಸುಬಲ್ಲ. ತಪ್ಪು ಹುಡುಕುವುದು ಕಸುಬು. ಈ ಸಲ ಹುಡುಕುತ್ತಿದ್ದದ್ದು ತನ್ನದೇ ತಪ್ಪನ್ನು.

“ಮಿಕ್ಕ ಪ್ರತಿ ತೆಗಿ.”

ಭಾಮೈದ ಒಂದು ಕಟ್ಟು ಬಿಚ್ಚಿದ. ಕರಡಿ ಹದಿನೇಳು ಪ್ರತಿಗಳ ಒಂಬತ್ತನೇ ಪುಟ ತೆರೆದ. ಹದಿನೇಳರಲ್ಲೂ ‘ಕಡಲೆ ಬಾಗಿಲಿಗೆ’ ಎಂದೇ ಇತ್ತು. ಎತ್ವ ಗಟ್ಟಿಯಾಗಿ ತಲೆಯ ಮೇಲೆ ಕೂತಿತ್ತು.

“ನಾನೇ ಹಾಕಿದ ಎತ್ವ ಇದು,” ಎಂದ ಕರಡಿ. “ಕರಡಿನಲ್ಲಿ ‘ಕಡಲ’ ಅಂತ ಬಂದಿತ್ತು. ಕೆಂಪು ಪೆನ್ಸಿಲಲ್ಲಿ ತಿದ್ದಿ ಕಳಿಸಿದ್ದೆ.”

“ನೀವು ತಿದ್ದಿದ್ರಿ, ನಾನು ಸರಿ ಮಾಡ್ದೆ. ನಿಮ್ಮ ತಪ್ಪು ಎಳ್ಳಷ್ಟೂ ಇಲ್ಲ ಭಾವ. ಮನೆಗೆ ಹೋಗಿ ನೆಮ್ಮದಿಯಾಗಿ ಮಲಗಿ.”

ಎಂಟು ದಿನದಿಂದ ಎದೆಯ ಮೇಲೆ ಕೂತಿದ್ದ ಭಾರ ಒಂದು ಗಳಿಗೆ ಇಳಿಯಿತು. ಮರುಗಳಿಗೆ ಎರಡರಷ್ಟಾಗಿ ಬಂದು ಕೂತಿತು. ಯಾಕೆಂದರೆ ಆ ಪ್ರತಿ ಯಾರದೆಂದು ಅವನೊಬ್ಬನಿಗೇ ಗೊತ್ತಿತ್ತು, ಇನ್ಸ್‌ಪೆಕ್ಟರಿಗೂ ಹೇಳಿರಲಿಲ್ಲ.

“ಇದು ನನ್ನ ಪ್ರತಿ ಕಣೋ. ನೀನು ನನಗೆ ಕಳಿಸಿದ್ದು. ಆ ಟೀಚರಿಗೆ ಕೊಟ್ಟವನು ನಾನೇ.”

ಭಾಮೈದನ ಕೈ ಕಟ್ಟಿನ ದಾರದ ಮೇಲೆ ನಿಂತಿತು. “ನೀವಾ? ನಿಮ್ಮ ಪ್ರತೀನಾ?”

“ಯಾರ ಕೈಲಿ ಕಳಿಸಿದ್ದೆ?”

“ಹುರಿಯೋ ಅಂಗಡಿ ಬಾಣಲೆಯಮ್ಮನ ಕೈಲಿ. ನೀವು ಈ ಕಡೆ ತಲೆ ಹಾಕಿ ಎರಡು ವರ್ಷ ಆಯ್ತಲ್ಲ. ಅವಳು ಶುಕ್ರವಾರ ನಿಮ್ಮನೆಗೆ ಪೊಟ್ಟಣ ತಂದ್ಕೊಡ್ತಾಳಲ್ಲ, ಅದರ ಜೊತೆ ಕಟ್ಟಿ ಕೊಟ್ಟೆ.” ಅವನು ದನಿ ಇಳಿಸಿದ. “ಆದ್ರೆ ಭಾವ, ಬ್ಲೇಡ್ ಕೆಲಸ ಈ ಪ್ರೆಸ್ಸಲ್ಲಿ ಇಷ್ಟು ಚೆನ್ನಾಗಿ ಬರ್ತಿದ್ದಿದ್ದು ಇಬ್ಬರಿಗೇ. ಅಕ್ಕ ಹೋದ್ಲು. ಇನ್ನೊಬ್ರು ನೀವು. ಇನ್ಸ್‌ಪೆಕ್ಟರಿಗೆ ಈ ಮಾತು ಹೇಳೋಕೆ ಹೋಗ್ಬೇಡಿ, ನಿಮ್ಮ ಕುತ್ತಿಗೆಗೇ ಬರತ್ತೆ.”

ಕರಡಿ ಎದ್ದ. ಬಾಗಿಲ ಬಳಿ ಅವನ ಕಣ್ಣು ಅಭ್ಯಾಸದಂತೆ ಇರಬೇಕಾದಲ್ಲಿ ಇಲ್ಲದ್ದನ್ನು ಹುಡುಕಿತು. ಮೂವತ್ತು ವರ್ಷ ಆ ಬಾಗಿಲಿಗೆ ಆನಿಸಿ ಇಡುತ್ತಿದ್ದ ಕಬ್ಬಿಣದ ಹಾರೆ ಇರಲಿಲ್ಲ. ಬದಲಿಗೆ ಕಾಗದದ ಒಂದು ಕಟ್ಟು ಬಾಗಿಲನ್ನು ತಡೆದು ಕೂತಿತ್ತು.

“ಹಾರೆ ಎಲ್ಲೋ?”

“ಯಾರೋ ಇಸ್ಕೊಂಡು ಹೋದ್ರು. ಹಾರೆ ತಗೊಂಡು ನೀವೇನ್ಮಾಡ್ತೀರಿ ಈ ವಯಸ್ಸಲ್ಲಿ?” ಭಾಮೈದ ನಕ್ಕ. ಕರಡಿಯೂ ನಕ್ಕು ಹೊರಬಿದ್ದ.

*

ಮೊದಲ ತುತ್ತು, ಚಹಾ. ಪುಸ್ತಿಕೆಯಲ್ಲಿ ನಿಂತು ತಿನ್ನುವ ಜಾಗಗಳಿಗೆ ಹೆಂಡತಿ ಇಟ್ಟ ಹೆಸರು ತುತ್ತು. ಒಟ್ಟು ಏಳು.

ಊರಿನಲ್ಲಿ ಯಾರ ನೆರವೂ ಬೇಡದೆ, ಪುಸ್ತಿಕೆ ಹಿಡಿದು ತಾವೇ ನಡೆದು ತಿನ್ನುವವರಿಗೆ ಅವಳು ಬರೆದಿಟ್ಟದ್ದು ಅದು. ಬರೆದು ಮುಗಿಸಿದಳು, ಅಚ್ಚಾಗುವ ಮೊದಲೇ ಹೋಗಿಬಿಟ್ಟಳು. ಕರಡು ಹಾಳೆಗಳು ಮನೆಗೆ ಬಂದಾಗ ಕರಡಿ ಅವನ್ನು ತಿದ್ದಿದ್ದ, ಓದಿರಲಿಲ್ಲ. ತಿದ್ದುವುದು ಬೇರೆ, ಓದುವುದು ಬೇರೆ. ಪ್ರತಿ ಕೈಗೆ ಬಂದ ಮೇಲೂ ಮೂರು ವಾರ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದ್ದ, ತೆರೆದಿರಲಿಲ್ಲ. ತೆರೆದರೆ ಅವಳು ಮಾತಾಡಲು ಶುರು ಮಾಡುತ್ತಾಳೆ ಎಂಬ ಭಯ.

ಈಗ ಚಹಾದಂಗಡಿಯ ಮೂಲೆಯ ಮೇಜಿನಲ್ಲಿ ಕೂತು ತೆರೆದ.

‘ಒಬ್ಬರೇ ಬಂದಿದ್ದರೆ ನಾಚಿಕೆ ಬೇಡ. ಎರಡು ಚಹಾ ಹೇಳಿ. ಎರಡನೆಯದು ಆರುವುದರೊಳಗೆ ಯಾರಾದರೂ ಎದುರಿಗೆ ಕೂರುತ್ತಾರೆ.’

ಅವನು ಎರಡು ಹೇಳಿದ. ಎರಡನೆಯದರ ಮೇಲೆ ಕೆನೆ ಕಟ್ಟಿತು. ಯಾರೂ ಕೂರಲಿಲ್ಲ.

ಎಂಟು ದಿನದ ಹಿಂದೆ ಕೂತಿದ್ದಳು ಆ ಟೀಚರು. ಐವತ್ತರ ಸುಮಾರು, ಹೆಗಲಿಗೆ ಬಟ್ಟೆಯ ಚೀಲ. ಮೇಜಿನ ಮೇಲಿದ್ದ ಪುಸ್ತಿಕೆ ಕಂಡು “ನೋಡ್ಬಹುದಾ?” ಎಂದು ಕೇಳಿ, ಮೊದಲ ಸಾಲನ್ನು ಗಟ್ಟಿಯಾಗಿ ಓದಿ, ತಕ್ಷಣ ಎರಡು ಚಹಾ ತರಿಸಿದ್ದಳು. “ಇನ್ನೊಂದು ನಿಮಗೆ. ಪುಸ್ತಕದವರು ಹೇಳಿದ್ದಾರೆ, ಇಲ್ಲ ಅನ್ನೋ ಹಾಗಿಲ್ಲ.” ಬನ್ನು ಮುರಿಯುವ ಮೊದಲು ಮೂಸಿ ನೋಡುವ ಅಭ್ಯಾಸ ಅವಳಿಗೆ. ಶಾಲೆಯಲ್ಲಿ ಮಕ್ಕಳು ಅದಕ್ಕೇ ಮೂಸುವ ಮಿಸ್ಸು ಎನ್ನುತ್ತಾರಂತೆ. ಕರಡಿ ನಕ್ಕಿದ್ದ. ಎಷ್ಟು ತಿಂಗಳ ಮೇಲೆ ನಕ್ಕಿದ್ದೆನೆಂದು ಆಮೇಲೆ ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟಿದ್ದ.

“ಬನ್ನಿ, ಒಟ್ಟಿಗೆ ನಡೆಯೋಣ,” ಎಂದಿದ್ದಳು ಅವಳು.

“ನನಗೆ ಮಂಡಿ ನೋವು. ಪುಸ್ತಕ ನೀವೇ ಇಟ್ಕೊಳ್ಳಿ.”

ಮಂಡಿಗೆ ಏನೂ ಆಗಿರಲಿಲ್ಲ. ಕರೆದರೆ ಹೋಗುವುದು ಹೇಗೆಂಬುದು ಮರೆತುಹೋಗಿತ್ತು, ಅಷ್ಟೇ. ಅವಳ ಜೊತೆ ಹೋಗಿದ್ದರೆ ಮೂರನೇ ಮೆಟ್ಟಿಲಿನಲ್ಲಿ ಹಿಡಿಯಲು ಒಂದು ಕೈ ಇರುತ್ತಿತ್ತು. ಆರಿದ ಚಹಾವನ್ನೂ ಅವನೇ ಕುಡಿದು ಎದ್ದ.

ಎರಡನೇ ತುತ್ತು ಬೇಕರಿಯ ಹಿಂದಿನ ಕಿಟಕಿ. ‘ಮುಂದಿನ ಬಾಗಿಲಿಗೆ ಹೋಗಬೇಡಿ, ಅಲ್ಲಿ ನಿನ್ನೆಯದು ಕೊಡುತ್ತಾರೆ’ ಎಂದು ಬರೆದಿದ್ದಳು. ಹಿಂದಿನ ಕಿಟಕಿಯಲ್ಲಿ ತೋಳುದ್ದದ ಸಲಿಕೆ ಒಲೆಯೊಳಗೆ ಹೋಗಿ ಬಂತು. ಹಿಟ್ಟು ಮೆತ್ತಿದ ಕೈಯ ಬೇಕರಿಯವನು ಪುಸ್ತಿಕೆ ನೋಡಿ ಅರಳಿದ.

“ಓ, ಅಮ್ಮನ ಪುಸ್ತಕ! ಇಲ್ಲೇ ಕಿಟಕಿ ಕಟ್ಟೆ ಮೇಲೆ ಇಟ್ಕೊಂಡು ಬರೀತಿದ್ರು. ನೀವು ಅವರಿಗೆ ಏನಾಗ್ಬೇಕು?”

“ಗಂಡ.”

ಬೇಕರಿಯವನು ತಬ್ಬಿಬ್ಬಾದ. “ಅಮ್ಮನಿಗೆ ಗಂಡ ಇದ್ರಾ? ಯಾವಾಗ್ಲೂ ಒಬ್ರೇ ಬರೋರು, ಅದಕ್ಕೇ ನಾನು... ತಪ್ಪು ತಿಳ್ಕೋಬೇಡಿ ಸಾರ್.”

ಬಿಸಿ ಬನ್ನು ಕರಡಿಯ ಕೈ ಸುಟ್ಟಿತು. ಅವನು ಕೈ ಬದಲಿಸಲಿಲ್ಲ.

ಮೂರು ದಶಕ ಅವನು ಬೆಳಿಗ್ಗೆ ಒಂಬತ್ತಕ್ಕೆ ಪ್ರೆಸ್ಸಿಗೆ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದ. ಅವಳು ಊರು ಸುತ್ತುತ್ತಿದ್ದಳು. “ನೀವೂ ಒಂದ್ಸಲ ಬನ್ರೀ, ಬೇಕರಿ ಹಿಂದೆ ಏನು ವಾಸನೆ ಬರತ್ತೆ ಗೊತ್ತಾ,” ಎನ್ನುತ್ತಿದ್ದಳು. “ಈ ಪುಸ್ತಕ ಮುಗೀಲಿ,” ಎನ್ನುತ್ತಿದ್ದ ಇವನು. ಒಂದು ಪುಸ್ತಕ ಮುಗಿದರೆ ಇನ್ನೊಂದರ ಕರಡು ಬಂದು ಕೂತಿರುತ್ತಿತ್ತು. ‘ಒಬ್ಬರೇ ಬಂದಿದ್ದರೆ’ ಎಂದು ಅವಳು ಬರೆದದ್ದು ಪರವೂರಿನವರನ್ನು ನೆನೆದು ಎಂದುಕೊಂಡಿದ್ದ. ಅಲ್ಲ, ಅವಳು ತನ್ನನ್ನೇ ನೆನೆದು ಬರೆದಿದ್ದಳು.

ಮೂರನೇ ತುತ್ತು, ಬಂದರಿನ ಕಟ್ಟೆಯ ಮೇಲೆ ಹುರಿದ ಮೀನು. ಮುಳ್ಳು ತೆಗೆಯಲು ಇನ್ನೊಬ್ಬರಿದ್ದರೆ ಒಳ್ಳೆಯದು ಎಂದಿತ್ತು. ತಾನೇ ತೆಗೆದುಕೊಂಡು ತಿಂದ.

ನಾಲ್ಕನೆಯದು ದೇವಸ್ಥಾನದ ಗೋಡೆಗೆ ಅಂಟಿಕೊಂಡ ಹಾಲಿನಂಗಡಿ. ಅಲ್ಲಿ ಕರಡಿ ಕಸುಬಿಗೆ ಬಂದ.

“ಆ ಟೀಚರು ಇಲ್ಲಿ ಹಾಲು ಕುಡಿದ್ರಾ?”

“ಕುಡಿದ್ರು. ಮೊದಲು ಮೂಸಿ ನೋಡಿದ್ರು, ನಂಗೆ ಸಿಟ್ಟೇ ಬಂತು,” ಎಂದ ಹಾಲಿನವನು. “ಆಮೇಲೆ ಕಡಲ ಬಾಗಿಲು ಎಲ್ಲಿ ಅಂತ ಕೇಳಿದ್ರು. ಅಲ್ಲಿ ತಿನ್ನೋಕೆ ಏನೂ ಸಿಗಲ್ಲಮ್ಮ ಅಂದೆ. ‘ಬರೆದವರಿಗೆ ಗೊತ್ತಿರತ್ತೆ ಬಿಡಿ’ ಅಂತ ನಗ್ತಾ ಹೋದ್ರು.”

“ಅವತ್ತು ಆ ಕಡೆ ಬೇರೆ ಯಾರಾದ್ರೂ ಹೋದ್ರಾ?”

“ಅವತ್ತು ಇಲ್ಲ. ಅದಕ್ಕೆ ಎರಡು ದಿನ ಮುಂಚೆ, ಭಾನುವಾರ ಬೆಳಿಗ್ಗೆ, ಆ ಕಡೆಯಿಂದ ಕಬ್ಬಿಣದ ಸದ್ದು ಕೇಳ್ತಿತ್ತು. ಕಲ್ಲಿಗೆ ಹೊಡೆದ ಹಾಗೆ. ದೇವಸ್ಥಾನದ ರಿಪೇರಿ ಇರ್ಬೇಕು ಅಂದ್ಕೊಂಡೆ.”

“ರಿಪೇರಿ ನಡೀತಿದ್ಯಾ?”

ಹಾಲಿನವನು ಯೋಚಿಸಿದ. “ಇಲ್ಲ. ಈ ವರ್ಷ ಯಾವ ರಿಪೇರೀನೂ ಇಲ್ಲ.”

*

ಕಡಲ ಬಾಗಿಲಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಪೊಲೀಸರು ಕಟ್ಟಿದ ಹಗ್ಗ ಒಂದು ಕಡೆ ಬಿಚ್ಚಿಕೊಂಡು ನೀರಿನಲ್ಲಿ ತೇಲುತ್ತಿತ್ತು.

ಕರಡಿ ಪುಟ ತೆರೆದು ಪೂರ್ತಿ ಸಾಲು ಓದಿದ. ‘ಕಡಲ ಬಾಗಿಲಿಗೆ ಬನ್ನಿ. ಮೂರು ಮೆಟ್ಟಿಲು ಇಳಿದು, ಮೂರನೆಯದರ ಮೇಲೆ ಕೂತು ಕಾಯಿರಿ. ಸಿಗಬೇಕಾದದ್ದು ಕೈಗೆ ಸಿಗುತ್ತದೆ.’ ಹುರಿಯುವ ಅಂಗಡಿಗೂ ಮೂರೇ ಮೆಟ್ಟಿಲು. ಅದಕ್ಕೇ ಇವನು ಎತ್ವ ಹಾಕುವಾಗ ಎರಡನೇ ಸಲ ಯೋಚಿಸಿರಲಿಲ್ಲ.

ಎರಡು ಮೆಟ್ಟಿಲು ಇಳಿದ. ಮೂರನೆಯದು ಇರಬೇಕಾದಲ್ಲಿ ಒಂದು ಗುಂಡಿ ಇತ್ತು. ಕಲ್ಲು ಕೆಳಗೆ, ಮೊಳದಷ್ಟು ನೀರಿನಡಿ, ಅಡ್ಡವಾಗಿ ಬಿದ್ದಿತ್ತು. ಪೊಲೀಸರಿಗೆ ಅದು ಹಳೆಯ ಕಲ್ಲು ಸಡಿಲವಾಗಿ ಜಾರಿದಂತೆ ಕಂಡಿತ್ತು. ಅವರು ಬಿದ್ದ ಕಲ್ಲನ್ನು ನೋಡಿದ್ದರು. ಕರಡಿ ಅದು ಬಿಟ್ಟುಹೋದ ಜಾಗವನ್ನು ನೋಡಿದ.

ಎರಡನೇ ಮೆಟ್ಟಿಲಿನ ಅಂಚಿನಲ್ಲಿ ಎರಡು ಬೆರಳಗಲದ ಹೊಸ ಗಾಯಗಳಿದ್ದವು. ಕಲ್ಲಿನ ಮೈಯೆಲ್ಲ ಪಾಚಿ ಹಿಡಿದು ಹಸಿರಾಗಿದ್ದರೆ ಗಾಯಗಳು ಮಾತ್ರ ಬೆಳ್ಳಗಿದ್ದವು. ಯಾರೋ ಹಾರೆ ಹಾಕಿ ಮೀಟಿದ್ದಾರೆ. ಗುಂಡಿಯ ಒಳಗೋಡೆಯಲ್ಲಿ ಒಂದು ಪುಟ್ಟ ಗೂಡು, ಅದರ ತಳದಲ್ಲಿ ಚೌಕಾಕಾರದ ತುಕ್ಕಿನ ಕಲೆ. ತಗಡಿನ ಡಬ್ಬಿಯೊಂದು ಅಲ್ಲಿ ಬಹಳ ದಿನ ಕೂತಿತ್ತು. ಈಗ ಇರಲಿಲ್ಲ. ತೆಗೆದವರು ಕಲ್ಲನ್ನು ಸುಮ್ಮನೆ ಮೇಲಿಟ್ಟು ಹೋಗಿದ್ದರು, ಕೂತವರು ಉರುಳುವ ಹಾಗೆ.

ಪ್ರತಿ ತನ್ನದು. ತನಗೆಂದೇ ಕೆರೆದ ಅಕ್ಷರ. ಇವನ ಸ್ವಭಾವ ಬಲ್ಲವರಿಗೆಲ್ಲ ಒಂದು ವಿಷಯ ಗೊತ್ತು: ಅಚ್ಚಾದ ಪುಸ್ತಕದಲ್ಲಿ ತಪ್ಪು ಕಂಡರೆ ಕರಡಿ ಸುಮ್ಮನಿರುವುದಿಲ್ಲ. ತಪ್ಪೋ ಸರಿಯೋ ಎಂದು ಸ್ಥಳಕ್ಕೇ ಹೋಗಿ, ಕಣ್ಣಾರೆ ನೋಡಿ ಬರುತ್ತಾನೆ. ಒಮ್ಮೆ ಬಾವಿಯೊಂದಕ್ಕೆ ಎಷ್ಟು ಮೆಟ್ಟಿಲೆಂದು ಎಣಿಸಲು ಹೋಗಿ ಅರ್ಧ ದಿನ ಒಳಗೇ ಸಿಕ್ಕಿಹಾಕಿಕೊಂಡಿದ್ದ. ಈ ಪ್ರತಿಯನ್ನು ಅವನು ತೆರೆದಿದ್ದರೆ ಖಂಡಿತ ಇಲ್ಲಿಗೆ ಬರುತ್ತಿದ್ದ, ಮೂರನೇ ಮೆಟ್ಟಿಲಿಗೆ ಕಾಲಿಡುತ್ತಿದ್ದ. ಟೀಚರು ಅವನ ಸಾವನ್ನು ಸತ್ತಿದ್ದಳು.

ಮೆಟ್ಟಿಲು ಹತ್ತಿ ಬಂದು ಕಮಾನಿನ ಬುಡಕ್ಕೆ ಕೂತ. ಜೇಬಿನಲ್ಲಿ ಕಳೆದ ಶುಕ್ರವಾರದ ಪೊಟ್ಟಣವಿತ್ತು, ಬಿಚ್ಚಿರಲಿಲ್ಲ. ಬಿಚ್ಚಲು ಹೋದವನ ಕೈ ಪೊಟ್ಟಣದ ಲೇಬಲಿನ ಮೇಲೆ ನಿಂತಿತು.

‘ನೆಲಗಡಲೆ’ ಎಂದಿತ್ತು ಲೇಬಲು.

ಅವನಿಗೆ ಗೊತ್ತಿದ್ದಂತೆ ಹಾಗಿರಬಾರದು. ‘ನೆಲೆಗಡಲೆ’ ಎಂದಿರಬೇಕು. ಹೆಂಡತಿಯ ಕ್ರಿಯೆಗಳೆಲ್ಲ ಮುಗಿದ ಮಾರನೆಯ ದಿನ ಪ್ರೆಸ್ಸಿಗೆ ಹೋಗಿ ಅವನು ಓದಿದ ಕೊನೆಯ ಕರಡು ಅದೇ ಲೇಬಲು. ಐದೇ ಅಕ್ಷರ. ಅದರಲ್ಲೊಂದು ಎತ್ವ ಜಾಸ್ತಿ ಬಿದ್ದಿತ್ತು, ಅವನ ಕಣ್ಣಿಗೆ ಬಿದ್ದಿರಲಿಲ್ಲ. ಸಾವಿರಾರು ಲೇಬಲು ಅಚ್ಚಾಗಿ ಹೋದವು. ನಲವತ್ತು ವರ್ಷದಲ್ಲಿ ಅವನು ಬಿಟ್ಟ ತಪ್ಪು ಅದೊಂದೇ. ಆ ನಾಚಿಕೆಗೇ ಅವನು ಆಮೇಲೆ ಪ್ರೆಸ್ಸಿನ ಮೆಟ್ಟಿಲು ಹತ್ತಿರಲಿಲ್ಲ, ಶುಕ್ರವಾರದ ಪೊಟ್ಟಣಗಳ ಲೇಬಲನ್ನೂ ನೋಡುತ್ತಿರಲಿಲ್ಲ.

ಲೇಬಲನ್ನು ಬೆಳಕಿಗೆ ಹಿಡಿದ. ‘ಲ’ದ ನೆತ್ತಿಯ ಮೇಲೆ ಸಾಸಿವೆಯಷ್ಟು ಬೆಳಕು ತೂರಿತು. ಬಲತುದಿಯಲ್ಲಿ ಒಳಕ್ಕೆ ಸುತ್ತಿದ ಸುರುಳಿ. ಸುರುಳಿಯ ಕೊನೆಗೆ ಒಂದು ಚುಕ್ಕೆ.

*

ಹುರಿಯುವ ಅಂಗಡಿಯ ಅರ್ಧ ಬಾಗಿಲಿನೊಳಗೆ ಮರಳು ಕಾದು ಸದ್ದು ಮಾಡುತ್ತಿತ್ತು. ಬಾಣಲೆಯಮ್ಮ ಜರಡಿ ಹಿಡಿದು ನಿಂತಿದ್ದಳು. ಐವತ್ತೈದರ ಗಟ್ಟಿ ಹೆಂಗಸು, ತೋಳಿನ ತುಂಬ ಸುಟ್ಟ ಕಲೆ. ಕರಡಿ ಮೂರು ಮೆಟ್ಟಿಲನ್ನೂ ಒಂದೊಂದಾಗಿ ಕಾಲಿನಿಂದ ಒತ್ತಿ ನೋಡುತ್ತ ಇಳಿದ.

“ಏನು ಕರಡಿಯಣ್ಣ, ಮೆಟ್ಟಿಲಿಗೂ ಕರಡು ತಿದ್ತಿದೀರಾ?”

ಅವನು ಕಟ್ಟೆಯ ಮೇಲೆ ಲೇಬಲನ್ನೂ ಪುಸ್ತಿಕೆಯನ್ನೂ ಅಕ್ಕಪಕ್ಕ ಇಟ್ಟ. “ಎರಡೂ ನಿನ್ನ ಕೈ.”

ಅವಳು ಬಗ್ಗಿ ನೋಡಿದಳು. ಮುಖದ ನಗು ಹೋಯಿತು. ಜರಡಿ ಕೆಳಗಿಟ್ಟು, ಉರಿ ತಗ್ಗಿಸಿ, ಸೆರಗಿಗೆ ಕೈ ಒರೆಸಿಕೊಂಡಳು.

“ಹೌದು. ನಾನೇ ಕೆರೆದಿದ್ದು.”

“ಬ್ಲೇಡ್ ಹಿಡಿಯೋದು ಯಾರು ಕಲಿಸಿದ್ದು?”

“ಅಕ್ಕ. ಅಕ್ಷರಾನೂ ಅವರೇ ಕಲಿಸಿದ್ದು, ಈ ಕಟ್ಟೆ ಮೇಲೇ. ನಿಮ್ಮ ತಪ್ಪು ಲೇಬಲು ಬಂದಾಗ ಪ್ರೆಸ್ಸಿನವರು ಬೇರೆ ಹೊಡ್ಕೊಡ್ತೀನಿ ಅಂದ್ರು. ಬೇಡ ಅಂದೆ. ಹೆಂಡತಿ ಹೋದ ದುಃಖದಲ್ಲಿ ಆದ ತಪ್ಪು, ಊರಿಗೆಲ್ಲ ಯಾಕೆ ಗೊತ್ತಾಗ್ಬೇಕು? ದಿನಾ ಇಷ್ಟಿಷ್ಟು ಕೆರೀತೀನಿ. ಎರಡು ವರ್ಷದಿಂದ.”

ಕರಡಿ ಲೇಬಲನ್ನು ಮೆಲ್ಲಗೆ ಬದಿಗಿಟ್ಟ. ಆದರೂ ಕೇಳಿದ. “ಅದು ಸರಿ. ಇದನ್ನ ಯಾಕೆ ಕೆರೆದೆ? ನಾನು ಸಾಯ್ಲಿ ಅಂತಾನಾ?”

“ಥೂ, ಬಿಡ್ತು ಅನ್ನಿ!” ಅವಳು ನಿಜಕ್ಕೂ ಬೆಚ್ಚಿದಳು. “ತಪ್ಪಿತ್ತು, ಸರಿ ಮಾಡ್ದೆ.”

“ಅದು ಸರಿಯಾಗೇ ಇತ್ತು! ನಾನೇ ಎತ್ವ ಹಾಕಿದ್ದು!”

“ನೀವು ಹಾಕಿದ್ದೇ ತಪ್ಪು ಅಣ್ಣಾ.”

ಅವಳು ಹಿಂದೆ ತಿರುಗಿ, ಹಲಗೆಯ ಮೇಲಿನ ಡಬ್ಬಗಳ ಹಿಂದಿನಿಂದ ಒಂದು ನೋಟ್‌ಬುಕ್ ತೆಗೆದಳು. ಎಣ್ಣೆಯ ಕ್ಯಾಲೆಂಡರ್ ಹಾಳೆಯ ಹೊದಿಕೆ. ಕರಡಿಗೆ ಆ ಹೊದಿಕೆ ಗೊತ್ತಿತ್ತು; ಅವನ ಮನೆಯ ಅಡುಗೆಮನೆಯ ಗೋಡೆಯಲ್ಲಿದ್ದ ಕ್ಯಾಲೆಂಡರು. ಅಚ್ಚಿಗೆ ಹೋಗಿದ್ದ ನೋಟ್‌ಬುಕ್ ಪ್ರೆಸ್ಸಿನಿಂದ ವಾಪಸ್ ಬಂದ ಮೇಲೆ ಬಾಣಲೆಯಮ್ಮ ನೆನಪಿಗೆಂದು ಇಟ್ಟುಕೊಂಡಿದ್ದಳಂತೆ. ಅವಳು ಪುಟ ತೆರೆದು ಅವನ ಮುಂದೆ ಹಿಡಿದಳು.

ಹೆಂಡತಿಯ ಕೈಬರಹ. ದುಂಡಗೆ, ಬಲಕ್ಕೆ ಸ್ವಲ್ಪ ವಾಲಿದ್ದು. ‘ಕಡಲ ಬಾಗಿಲಿಗೆ ಬನ್ನಿ.’ ಎತ್ವ ಇರಲಿಲ್ಲ. ಮರೆತದ್ದೂ ಅಲ್ಲ. ಪಕ್ಕದ ಅಂಚಿನಲ್ಲಿ, ಇವನ ಭಾಷೆಯಲ್ಲೇ, ಕರಡು ತಿದ್ದುವವರು ಹಾಕುವ ಹಾಗೆ ಸಾಲಿನ ಕೆಳಗೆ ಚುಕ್ಕೆಗಳನ್ನಿಟ್ಟು ಬರೆದಿದ್ದಳು: ‘ಇದ್ದ ಹಾಗೇ ಇರಲಿ.’

“ಎಲ್ಲ ತುತ್ತೂ ಊರವರಿಗೆ, ಐದನೇದು ಮಾತ್ರ ನಿಮಗೆ ಅಂದಿದ್ರು ಅಕ್ಕ,” ಎಂದಳು ಬಾಣಲೆಯಮ್ಮ. “‘ಅಲ್ಲಿ ತಿನ್ನೋಕೆ ಏನೂ ಇಲ್ವಲ್ಲ ಅಂತ ಅವರಿಗೆ ಅನುಮಾನ ಬಂದೇ ಬರತ್ತೆ. ನೋಡೋಕೆ ಹೋಗೇ ಹೋಗ್ತಾರೆ. ನಾನು ಮೂವತ್ತು ವರ್ಷ ಕರೆದರೆ ಬರ್ಲಿಲ್ಲ, ಒಂದು ತಪ್ಪು ಕಂಡ್ರೆ ಓಡಿ ಬರ್ತಾರೆ’ ಅಂತ ನಗ್ತಿದ್ರು. ಮೂರನೇ ಕಲ್ಲಿನ ಕೆಳಗೆ, ಪಕ್ಕದ ಸಂದಿಯಿಂದ ಕೈ ಹಾಕಿದ್ರೆ ಸಿಗೋ ಹಾಗೆ, ನಿಮಗೆ ಅಂತ ಒಂದು ಡಬ್ಬಿ ಇಟ್ಟಿದ್ರು.”

ಕರಡಿ ಆ ಚುಕ್ಕೆಗಳ ಮೇಲೆ ಬೆರಳಾಡಿಸಿದ. ನಲವತ್ತು ವರ್ಷದಲ್ಲಿ ಸ್ಥಳಕ್ಕೆ ಹೋಗದೆ ತಿದ್ದಿದ ಅಕ್ಷರ ಇದೊಂದೇ. ಅವಳಿಲ್ಲದ ಬೀದಿಯಲ್ಲಿ ನಡೆಯಲಾರದೆ, ಮನೆಯಲ್ಲೇ ಕೂತು ಒಂದು ಎತ್ವ ಎಳೆದು, ಅವಳ ಕೊನೆಯ ಕರೆಯನ್ನೂ ಹುರಿಯುವ ಅಂಗಡಿಗೆ ತಿರುಗಿಸಿಬಿಟ್ಟಿದ್ದ. ಅದನ್ನು ಸರಿ ಮಾಡಿ ಇವಳು ಕೊಟ್ಟ ಪ್ರತಿಯನ್ನೂ ಓದದೆ, ಅಪರಿಚಿತಳ ಕೈಗೆ ದಾಟಿಸಿದ್ದ. ಕಣ್ಣು ತುಂಬಿ ಅಕ್ಷರ ಕಲಸಿಹೋಯಿತು. ಒರೆಸಿಕೊಳ್ಳಲಿಲ್ಲ.

“ಡಬ್ಬೀಲಿ ಏನಿತ್ತು?”

“ಕೇಳ್ಲಿಲ್ಲ. ನಿಮ್ಮದಲ್ವಾ ಅದು.”

“ಅದು ಅಲ್ಲಿಲ್ಲ. ಯಾರೋ ಕಲ್ಲು ಮೀಟಿ ತಗೊಂಡು ಹೋಗಿದ್ದಾರೆ. ಅದಕ್ಕೇ ಕಲ್ಲು ಉರುಳಿದ್ದು.” ಅವನ ದನಿ ತನಗೇ ಅಪರಿಚಿತವಾಗಿ ಕೇಳಿತು. “ಯಾರಿಗೆ ಹೇಳ್ದೆ?”

“ಯಾರಿಗೂ ಇಲ್ಲ ಅಣ್ಣಾ. ದೇವರಾಣೆ.”

“ನೆನಪು ಮಾಡ್ಕೋ.”

ಬಾಣಲೆಯಮ್ಮ ಒಲೆಯ ಕಡೆ ನೋಡಿದಳು. ಅವಳ ಕೈ ತಾನಾಗಿ ಲೇಬಲಿನ ಕಟ್ಟಿನ ಮೇಲೆ ಹೋಯಿತು. ಬಟಾಣಿ ಪೊಟ್ಟಣಕ್ಕೆಂದು ತಂದ ಹೊಸ ಕಟ್ಟು, ಇನ್ನೂ ಪ್ರೆಸ್ಸಿನ ದಾರ ಬಿಚ್ಚಿರಲಿಲ್ಲ.

“ಒಬ್ಬರಿಗೆ,” ಎಂದಳು ಮೆಲ್ಲಗೆ. “ಅವತ್ತು ಶನಿವಾರ, ಈ ಲೇಬಲು ತರೋಕೆ ಪ್ರೆಸ್ಸಿಗೆ ಹೋದಾಗ. ಅಕ್ಕನ ಪುಸ್ತಕ ಹೇಗೆ ಬಂದಿದೆ ಅಂತ ಕೇಳಿದ್ರು. ಒಂದೇ ತಪ್ಪು, ನಿಮ್ಮ ಭಾವನವರ ಪ್ರತೀಲಿ ನಾನೇ ಸರಿ ಮಾಡಿದೀನಿ ಅಂದೆ. ಯಾಕೆ ಅಂದ್ರು. ಮನೆಯವರಲ್ವಾ, ಡಬ್ಬಿ ವಿಷಯಾನೂ ಹೇಳ್ದೆ...”

ಶನಿವಾರ ಹೇಳಿದ್ದು. ಭಾನುವಾರ ಬೆಳಿಗ್ಗೆ ಕಬ್ಬಿಣದ ಸದ್ದು. ಕರಡಿಯ ಕಣ್ಣ ಮುಂದೆ ಪ್ರೆಸ್ಸಿನ ಬಾಗಿಲು ಬಂತು, ಅದನ್ನು ತಡೆದು ಕೂತ ಕಾಗದದ ಕಟ್ಟು ಬಂತು.

ಹೊರಗೆ ಬೆಳಕಿಗೆ ಯಾರೋ ಅಡ್ಡ ಬಂದರು. ಅರ್ಧ ಬಾಗಿಲಿನಲ್ಲಿ ಎರಡು ಚಪ್ಪಲಿ ಮಾತ್ರ ಕಂಡವು, ಮೊದಲ ಮೆಟ್ಟಿಲಿನ ಮೇಲೆ. ಕಲ್ಲಿನ ಮೇಲೆ ಕಬ್ಬಿಣ ಊರಿದ ಸದ್ದಾಯಿತು. ಬಾಣಲೆಯಮ್ಮ ನೋಟ್‌ಬುಕ್ಕನ್ನು ಎದೆಗವಚಿಕೊಂಡಳು.

“ಭಾವ, ಇಲ್ಲೇ ಇದ್ದೀರಾ?” ದನಿಯಲ್ಲಿ ಎಂದಿನ ಸಲುಗೆ ಇತ್ತು. “ಹಾರೆ ಎಲ್ಲಿ ಅಂತ ಕೇಳಿದ್ರಲ್ಲ. ತಂದಿದೀನಿ.”